ಎರಡು ಗೆರೆ, ಕೆಲವು ಚುಕ್ಕಿ

‘ಕ್ಯಾಥೋಲಿಕ್ ಲೈಫ್ ಕೋಚ್’ ಎಂದು ಹೆಸರಿನ ಪಕ್ಕ ಹಾಕಿಕೊಂಡವರು ಈಗ ಇನ್‌ಸ್ಟಾಗ್ರಾಂ ತುಂಬ ಸಿಗುತ್ತಾರೆ. ಗುರಿ ಬರೆದಿಡಿ, ನಸುಕಿಗೇ ಏಳಿ, ಬೈಬಲಿನ ಒಂದು ವಾಕ್ಯವನ್ನು ಕನ್ನಡಿಗೆ ಅಂಟಿಸಿ, ಇಪ್ಪತ್ತೊಂದು ದಿನ ಬಿಡದೆ ಮಾಡಿ ಎನ್ನುತ್ತಾರೆ. ಕೆಟ್ಟ ಸಲಹೆಯೇನಲ್ಲ. ಆದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಹುರುಪಿನಿಂದ ಶುರುಮಾಡಿ ಮೂರನೇ ವಾರಕ್ಕೆ ಕೈಬಿಟ್ಟು, ಆಮೇಲೆ ತಮ್ಮ ಮೇಲೆ ತಾವೇ ಸಿಡುಕುವವರನ್ನು ಯಾವ ಧರ್ಮಕೇಂದ್ರದಲ್ಲೂ ಕಾಣಬಹುದು. ಅವರನ್ನು ಸೋಮಾರಿಗಳು ಎನ್ನಲಾಗದು. ಒಂದೇ ಸಲಕ್ಕೆ ಹತ್ತು ಗುಣ ತಿದ್ದಲು ಹೊರಟಿರುತ್ತಾರೆ, ಎಣಿಕೆಗೆ ಸಿಗದ್ದನ್ನು ಎಣಿಸಲು ಹೋಗಿರುತ್ತಾರೆ, ಭಾರವನ್ನೆಲ್ಲ ಒಬ್ಬರೇ ಹೊತ್ತಿರುತ್ತಾರೆ.

ಧರ್ಮಸಭೆಯ ಅಟ್ಟದ ಮೇಲೆ ಇದಕ್ಕೊಂದು ಹಳೆಯ ಸಲಕರಣೆ ಇದೆ. ಸಂತ ಇಗ್ನೇಷಿಯಸ್ ಲೊಯೋಲರ ಆತ್ಮಶೋಧನೆ. ಬೇಕಾದದ್ದು ಒಂದು ನೋಟ್‌ಬುಕ್, ಒಂದು ಪೆನ್ನು, ದಿನಕ್ಕೆ ಕಾಲು ಗಂಟೆ, ತಿಂಗಳಿಗೊಮ್ಮೆ ಕೂತು ಕೇಳುವ ಒಬ್ಬ ಮನುಷ್ಯ.

ಹಿನ್ನೆಲೆ ಚಿಕ್ಕದಾಗಿ ಹೇಳುವುದಾದರೆ, 1521ರ ಮೇ 20ರಂದು ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಬಡಿದು ಇಗ್ನೇಷಿಯಸ್ ಅವರ ಕಾಲು ಮುರಿಯಿತು. ಲೊಯೋಲದ ಮನೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದಾಗ ಓದಲು ವೀರರ ಕಥೆ ಕೇಳಿದರು. ಮನೆಯಲ್ಲಿದ್ದದ್ದು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಕಥೆಗಳು ಮಾತ್ರ. ಹಾಸಿಗೆಯಲ್ಲೇ ಎರಡು ಬಗೆಯ ಹಗಲುಗನಸು ಕಾಣತೊಡಗಿದರು: ಒಬ್ಬ ದೊಡ್ಡ ಮನೆತನದ ಹೆಂಗಸಿನ ಮುಂದೆ ಪರಾಕ್ರಮ ಮೆರೆಯುವುದು, ಇಲ್ಲವೆ ಸಂತರಂತೆ ಬರಿಗಾಲಲ್ಲಿ ಜೆರುಸಲೇಮಿಗೆ ನಡೆಯುವುದು. ಕಾಣುವಾಗ ಎರಡೂ ಸಿಹಿ. ಮುಗಿದ ಮೇಲೆ ಮೊದಲನೆಯದು ಬಾಯಿ ಒಣಗಿಸುತ್ತಿತ್ತು, ಎರಡನೆಯದು ಹಿತ ಉಳಿಸುತ್ತಿತ್ತು. ಉಂಡಾದ ಮೇಲೆ ನಾಲಗೆಯಲ್ಲಿ ಉಳಿಯುವ ರುಚಿಯನ್ನು ಗಮನಿಸುವ ಈ ಅಭ್ಯಾಸವೇ ಮುಂದೆ ಅವರ ವಿಧಾನದ ಬುನಾದಿಯಾಯಿತು. 1522-23ರಲ್ಲಿ ಮನ್ರೇಸಾ ಎಂಬ ಊರಿನಲ್ಲಿದ್ದಾಗ ಬರೆಯತೊಡಗಿದ ಟಿಪ್ಪಣಿಗಳು ‘ಆಧ್ಯಾತ್ಮಿಕ ಸಾಧನೆಗಳು’ ಎಂಬ ಕೈಪಿಡಿಯಾಗಿ ಬೆಳೆದವು. ಪೋಪ್ ಮೂರನೇ ಪೌಲರು 1548ರಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟರು. ಈ ಪುಸ್ತಕವನ್ನು ಓದಲು ಕೂತವರಿಗೆ ನಿರಾಸೆ ಖಂಡಿತ. ಅದು ಸಾಧನೆ ಮಾಡಿಸುವವರಿಗಾಗಿ ಬರೆದದ್ದು. ಅಡುಗೆ ಪುಸ್ತಕ ಓದಿ ಯಾರ ಹೊಟ್ಟೆಯೂ ತುಂಬುವುದಿಲ್ಲ.

ಪೂರ್ತಿ ಸಾಧನೆಗೆ ಸುಮಾರು 30 ದಿನಗಳ ಮೌನ ಬೇಕು. ಸಂಸಾರ, ನೌಕರಿ ಇರುವವರು ದಿನಕ್ಕೆ ಒಂದೂವರೆ ಗಂಟೆಯಂತೆ ಮನೆಯಲ್ಲಿದ್ದುಕೊಂಡೇ ಮಾಡಬಹುದು ಎಂದು ಅದರ 19ನೇ ಸೂಚನೆ ಹೇಳುತ್ತದೆ. ಇಲ್ಲಿ ಹೇಳಹೊರಟಿರುವುದು ಅದರೊಳಗಿನ ತೀರ ಸಣ್ಣ ಉಪಕರಣವನ್ನು ಮಾತ್ರ.

ಸಂಜೆಯ ಕಾಲು ಗಂಟೆ

ಸಾಮಾನ್ಯ ಆತ್ಮಶೋಧನೆಗೆ ಐದು ಭಾಗ. ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಅವಲೋಕನ, ಕ್ಷಮೆ, ನಾಳೆಯ ನಿರ್ಧಾರ. ಕೈಪಿಡಿಯ 43ನೇ ಕಂಡಿಕೆಯಲ್ಲಿರುವುದು ಇದೇ ಕ್ರಮ, ಇದನ್ನು ಹಿಂದುಮುಂದು ಮಾಡಬಾರದು. ಏಕೆ ಎಂಬುದು ಮೊದಲ ಭಾಗದಲ್ಲೇ ಇದೆ.

ಹಾಸಿಗೆಯ ಮೇಲೆ ಮಾಡಬೇಡಿ. ನಾಲ್ಕನೇ ನಿಮಿಷಕ್ಕೆ ನಿದ್ದೆ ಬರುತ್ತದೆ, ಪಾಪ ನೆನಪಾಗುವ ಹೊತ್ತಿಗೆ ಗೊರಕೆ. ಬೆನ್ನು ಆನಿಸಿ ಕೂರುವ ಕುರ್ಚಿ ಸಾಕು. ರಾತ್ರಿ ಊಟದ ನಂತರ ಕಣ್ಣು ಎಳೆಯುವವರು ಊಟಕ್ಕೆ ಮುಂಚೆ, ಏಳು ಗಂಟೆಗೇ ಮಾಡಿಕೊಳ್ಳಲಿ. ಉಳಿದ ಎರಡು ಮೂರು ಗಂಟೆ ಮರುದಿನದ ಲೆಕ್ಕಕ್ಕೆ ಸೇರುತ್ತದೆ. ಆಸ್ಪತ್ರೆಯ ನೈಟ್ ಡ್ಯೂಟಿಯವರಿಗೆ, ರಾತ್ರಿ ಪಾಳಿಯ ಕಾಲ್‌ಸೆಂಟರಿನವರಿಗೆ ದಿನ ಮುಗಿಯುವುದು ಬೆಳಿಗ್ಗೆ. ಅವರು ಮಲಗುವ ಮುನ್ನ ಮಾಡಲಿ. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ. ಸಮಯಕ್ಕೆ ಗೋಡೆ ಗಡಿಯಾರ ಸಾಕು.

ಶಿಲುಬೆಯ ಗುರುತು ಹಾಕಿ, ಒಂದು ನಿಮಿಷ ಸುಮ್ಮನಿದ್ದು, ಮೂರು ನಿಮಿಷ ಕೃತಜ್ಞತೆಗೆ ಕೊಡಿ. ಇವತ್ತಿನ ದಿನದಿಂದ ಮೂರು ಸಂಗತಿ. ‘ಆರೋಗ್ಯಕ್ಕಾಗಿ, ಕುಟುಂಬಕ್ಕಾಗಿ ವಂದನೆ’ ಎಂದರೆ ನಡೆಯದು. ಆ ಮಾತನ್ನು ಯಾವ ದಿನ ಬೇಕಾದರೂ ಹೇಳಬಹುದು. ಲಿಫ್ಟ್ ಕೆಟ್ಟಿದ್ದಾಗ ನಾಲ್ಕನೇ ಮಹಡಿಗೆ ಸಿಲಿಂಡರ್ ಹೊತ್ತು ತಂದ ಹುಡುಗ, ಮೂರು ಗಂಟೆಗೆ ಸಹೋದ್ಯೋಗಿ ತಂದುಕೊಟ್ಟ ಚಹಾ, ತಾಯಿ ಫೋನಿನಲ್ಲಿ ನಕ್ಕದ್ದು. ಹೊತ್ತು, ಜಾಗ, ಮುಖ ಇರಬೇಕು. ಹಲವರು ಹಾರಿಸುವುದು ಇದೇ ಭಾಗವನ್ನು, ಎಡವುವುದೂ ಇಲ್ಲೇ. ನೇರವಾಗಿ ತಪ್ಪಿನ ಪಟ್ಟಿಗೆ ಕೈ ಹಾಕಿದರೆ ಮನಸ್ಸು ಎರಡರಲ್ಲೊಂದು ಮಾಡುತ್ತದೆ: ವಕೀಲನಂತೆ ವಾದಿಸುತ್ತದೆ, ಇಲ್ಲವೆ ಕುಸಿಯುತ್ತದೆ. ಪಡೆದದ್ದನ್ನು ಮೊದಲು ಕಂಡವರಿಗೆ ತಪ್ಪನ್ನು ನೋಡುವ ಧೈರ್ಯ ಬರುತ್ತದೆ. 1542ರಲ್ಲಿ ಸಂಗಾತಿ ಸಿಮೊ ರೊಡ್ರಿಗಸ್ ಅವರಿಗೆ ಬರೆದ ಪತ್ರದಲ್ಲಿ ಇಗ್ನೇಷಿಯಸ್ ಕೃತಘ್ನತೆಯನ್ನೇ ಎಲ್ಲ ಪಾಪಗಳ ಮೂಲ ಎಂದು ಗುರುತಿಸುತ್ತಾರೆ.

ಎರಡನೆಯದಕ್ಕೆ ಒಂದು ನಿಮಿಷ ಸಾಕು. “ಪ್ರಭುವೇ, ಇವತ್ತಿನ ದಿನವನ್ನು ನಿಮ್ಮ ಬೆಳಕಿನಲ್ಲಿ ತೋರಿಸಿ.” ಅಷ್ಟೆ.

ಆಮೇಲೆ ಅವಲೋಕನ, ಐದರಿಂದ ಆರು ನಿಮಿಷ. ಗಂಟೆ ಗಂಟೆಯಾಗಿ, ಮೊದಲು ಯೋಚನೆ, ನಂತರ ಮಾತು, ನಂತರ ಕೃತಿ ಎಂದು ಕೈಪಿಡಿ ಹೇಳುತ್ತದೆ. ಗಂಟೆಯ ಲೆಕ್ಕ ಕಷ್ಟವಾದರೆ ಜಾಗದ ಲೆಕ್ಕ ಹಿಡಿಯಿರಿ: ಮನೆ, ಬಸ್ಸು, ಆಫೀಸು, ವಾಪಸು ದಾರಿ, ಅಡುಗೆಮನೆ. ಪ್ರತಿ ಜಾಗದಲ್ಲೂ ಕೇಳಬೇಕಾದದ್ದು ಎರಡು. ಏನಾಯಿತು? ಆದ ಮೇಲೆ ಬಾಯಲ್ಲಿ ಯಾವ ರುಚಿ ಉಳಿಯಿತು? ಗೆದ್ದ ವಾದವೊಂದು ಮಧ್ಯಾಹ್ನವೆಲ್ಲ ಕಹಿ ಉಳಿಸಿರಬಹುದು; ಇಷ್ಟವಿಲ್ಲದೆ ಹೋದ ಸಾವಿನ ಮನೆ ಮನಸ್ಸನ್ನು ಹಗುರ ಮಾಡಿರಬಹುದು. ಇವು ಬರೆದಿಡಬೇಕಾದ ಸುಳಿವುಗಳು.

ಇಲ್ಲಿ ನಮ್ಮ ಭಾಷೆಯೇ ಒಂದು ಸಹಾಯ ಮಾಡುತ್ತದೆ. ಸ್ಪ್ಯಾನಿಷಿನ ‘ಕೊನ್ಸಿಯೆನ್ಸಿಯಾ’ ಪದಕ್ಕೆ ಅರಿವು ಎಂದೂ ಅರ್ಥ, ಒಳಗಿನ ನೀತಿಯ ದನಿ ಎಂದೂ ಅರ್ಥ. 1972ರಲ್ಲಿ ಜಾರ್ಜ್ ಅಶೆನ್‌ಬ್ರೆನರ್ ಎಂಬ ಅಮೆರಿಕದ ಗುರುಗಳು, ಇಗ್ನೇಷಿಯಸ್ ಕಟ್ಟಿದ ಯೇಸುಸಭೆಗೆ (ಜೆಸ್ವಿಟರಿಗೆ) ಸೇರಿದವರು, ಒಂದು ಲೇಖನ ಬರೆದು, ಆತ್ಮಶೋಧನೆ ಎಂದರೆ ಪಾಪದ ಪಟ್ಟಿಯಷ್ಟೇ ಅಲ್ಲ, ದಿನವಿಡೀ ದೇವರು ಎತ್ತ ಎಳೆಯುತ್ತಿದ್ದರು ಎಂಬುದರ ಅರಿವು ಎಂದು ವಾದಿಸಿದರು. ಇಂದು ರಿಟ್ರೀಟುಗಳಲ್ಲಿ, ಅಂದರೆ ಧ್ಯಾನಕೂಟಗಳಲ್ಲಿ, ಕಲಿಸುವ ಕ್ರಮಗಳ ಮೇಲೆ ಆ ಲೇಖನದ ನೆರಳಿದೆ. ಕನ್ನಡದ ‘ಮನಸ್ಸಾಕ್ಷಿ’ ಈ ಎರಡನ್ನೂ ಒಂದೇ ಪದದಲ್ಲಿ ಹಿಡಿದಿಟ್ಟಿದೆ. ಸಾಕ್ಷಿಯ ಕೆಲಸ ಕಂಡದ್ದನ್ನು ಕಂಡಂತೆ ಹೇಳುವುದು. ತೀರ್ಪು ಕೊಡುವ ಪೀಠದಲ್ಲಿ ಬೇರೆಯವರು ಕೂತಿದ್ದಾರೆ, ಮತ್ತು ಅವರು ಕರುಣಾಮಯಿ. ಅವಲೋಕನದ ಆರು ನಿಮಿಷವೂ ಸಾಕ್ಷಿಕಟ್ಟೆಯಲ್ಲೇ ನಿಂತಿರುವುದನ್ನು ಕಲಿತರೆ ಅರ್ಧ ಕಲಿತಂತೆ.

ಕ್ಷಮೆಗೆ ಎರಡು ನಿಮಿಷ, ಪಶ್ಚಾತ್ತಾಪದ ಪ್ರಾರ್ಥನೆ ಬಾಯಿಪಾಠ ಇದ್ದರೆ ಅದೇ ಸಾಕು. ಕೊನೆಯ ಎರಡು ನಿಮಿಷ ನಾಳೆಗೆ. ‘ನಾಳೆ ಒಳ್ಳೆಯವಳಾಗಿರುತ್ತೇನೆ’ ಎಂಬ ನಿರ್ಧಾರ ಬೆಳಗಿನ ಕಾಫಿಯವರೆಗೂ ಬಾಳದು. ‘ನಾಳೆ ಹನ್ನೊಂದರ ಮೀಟಿಂಗಿನಲ್ಲಿ ಕಿರಿಯಳು ಮಾತು ಮುಗಿಸುವವರೆಗೆ ಬಾಯಿ ತೆರೆಯುವುದಿಲ್ಲ’ ಎಂಬುದು ಬಾಳುತ್ತದೆ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಹೇಳಿ ಎದ್ದುಬಿಡಿ. ಹದಿನೈದು ನಿಮಿಷ ದಾಟಬೇಡಿ.

ಒಂದೇ ದೋಷ

ಈ ಸಂಜೆಯ ಅಭ್ಯಾಸ ಎರಡು ವಾರ ಕೂತ ಮೇಲೆ ‘ವಿಶೇಷ ಆತ್ಮಶೋಧನೆ’ಯನ್ನು ಸೇರಿಸಿಕೊಳ್ಳಬಹುದು. ಕೈಪಿಡಿಯ 24ರಿಂದ 31ನೇ ಕಂಡಿಕೆಗಳು ಇದಕ್ಕೇ ಮೀಸಲು. ತಿದ್ದಿಕೊಳ್ಳಲು ಒಂದೇ ಒಂದು ದೋಷ. ಎರಡಲ್ಲ.

ಯಾವುದನ್ನು ಆರಿಸುವುದು? ಅತಿ ದೊಡ್ಡದನ್ನು ಆರಿಸಬೇಡಿ. ಘೋರ ಪಾಪದ ಜಾಗ ನೇರ ಪಾಪನಿವೇದನೆ, ಅಂದರೆ ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಸಂಸ್ಕಾರ, ಅದಕ್ಕೆ ಚುಕ್ಕಿ ಹಾಕುತ್ತ ಕೂರುವಂತಿಲ್ಲ. ಕುಡಿತದಂಥ ಚಟಕ್ಕೂ ಈ ನೋಟ್‌ಬುಕ್ ಸಾಲದು, ವೈದ್ಯರು ಬೇಕು, ಆಲ್ಕೊಹಾಲಿಕ್ಸ್ ಅನಾನಿಮಸ್‌ನಂಥ ಗುಂಪು ಬೇಕು. ಇಲ್ಲಿಗೆ ಬೇಕಾದದ್ದು ಚಿಕ್ಕದು, ಪದೇ ಪದೇ ಆಗುವಂಥದ್ದು, ಹೊರಗೆ ಕಾಣುವಂಥದ್ದು. ದಿನಕ್ಕೆ ಕನಿಷ್ಠ ಮೂರು ಸಲವಾದರೂ ಆಗುತ್ತಿರಬೇಕು, ಇಲ್ಲದಿದ್ದರೆ ಹಾಳೆ ಏನನ್ನೂ ಹೇಳುವುದಿಲ್ಲ. ‘ಕೋಪ’ ಎಂದು ಬರೆದರೆ ಎಣಿಸಲಾಗದು. ‘ಎದುರಿನವರ ಮಾತಿನ ನಡುವೆ ಬಾಯಿ ಹಾಕುವುದು’ ಎಂದು ಬರೆದರೆ ಎಣಿಸಬಹುದು. ‘ಅಹಂಕಾರ’ ಬೇಡ, ‘ನನ್ನ ಹಳೆಯ ಸಾಧನೆಯನ್ನು ಮಾತಿಗೆ ಎಳೆತರುವುದು’ ಸರಿ. ಮಗು ಏನೋ ಕೇಳಿದಾಗ ಮೊಬೈಲಿನಿಂದ ಕಣ್ಣೆತ್ತದೆ ‘ಹ್ಞೂಂ’ ಅನ್ನುವುದು ಬಹಳ ಮನೆಗಳಿಗೆ ಒಪ್ಪುವ ಆಯ್ಕೆ. ಯಾವುದೂ ಹೊಳೆಯದಿದ್ದರೆ ಗಂಡನನ್ನೋ ಹೆಂಡತಿಯನ್ನೋ ಕೇಳಿ. ಪಟ್ಟಿ ಸಿದ್ಧವಿರುತ್ತದೆ.

ದಿನಕ್ಕೆ ಮೂರು ಹೊತ್ತು. ಬೆಳಿಗ್ಗೆ ಎದ್ದ ಕೂಡಲೇ ‘ಇವತ್ತು ಇದೊಂದರಲ್ಲಿ ಎಚ್ಚರ’ ಎಂದು ಮನಸ್ಸಿಗೆ ಹೇಳುವುದು, ಹತ್ತು ಸೆಕೆಂಡಿನ ಕೆಲಸ. ಮಧ್ಯಾಹ್ನ ಊಟದ ನಂತರ ಅಲ್ಲಿಯವರೆಗಿನ ಎಣಿಕೆ. ರಾತ್ರಿ ಊಟದ ನಂತರ ಮತ್ತೊಂದು ಎಣಿಕೆ, ಸಂಜೆಯ ಕಾಲು ಗಂಟೆಯ ಜೊತೆಗೇ ಸೇರಿಸಿಕೊಳ್ಳಬಹುದು. ನೋಟ್‌ಬುಕ್ಕಿನ ಒಂದು ಪುಟದಲ್ಲಿ ವಾರದ ಏಳು ದಿನಕ್ಕೆ ಏಳು ಜೋಡಿ ಗೆರೆ ಎಳೆಯಿರಿ. ಮೇಲಿನ ಗೆರೆ ಮಧ್ಯಾಹ್ನದವರೆಗೆ, ಕೆಳಗಿನದು ರಾತ್ರಿಯವರೆಗೆ. ಎಷ್ಟು ಸಲ ಎಡವಿದಿರೋ ಅಷ್ಟು ಚುಕ್ಕಿ. ಮೂಲದ ಚಿತ್ರದಲ್ಲಿ ವಾರ ಮುಂದುವರಿದಂತೆ ಗೆರೆಗಳು ಗಿಡ್ಡವಾಗುತ್ತ ಹೋಗುತ್ತವೆ. ಚುಕ್ಕಿ ಕಡಿಮೆಯಾದೀತೆಂಬ ಆಸೆ ಹಾಳೆಯಲ್ಲೇ ಇದೆ.

ಮಧ್ಯಾಹ್ನದವರೆಗೆ ನೆನಪಿಟ್ಟುಕೊಳ್ಳುವುದು ಹೇಗೆ? ಅದಕ್ಕೂ ಉಪಾಯವಿದೆ. ಎಡವಿದ ಆ ಕ್ಷಣದಲ್ಲೇ ಎದೆಯ ಮೇಲೆ ಕೈ ಇಡುವುದು. ಹತ್ತು ಜನರ ನಡುವೆಯೂ ಯಾರಿಗೂ ತಿಳಿಯದಂತೆ ಮಾಡಬಹುದು ಎಂದು ಕೈಪಿಡಿಯೇ ಹೇಳುತ್ತದೆ. ಚರ್ಚಿನ ಬಲಿಪೂಜೆಯಲ್ಲಿ ಪಾಪ ಒಪ್ಪಿಕೊಳ್ಳುವಾಗ ಎದೆ ತಟ್ಟಿಕೊಳ್ಳುವ ಕೈಗೆ ಇದು ಹೊಸದಲ್ಲ. ಆಫೀಸಿನಲ್ಲಿ ಅಂಗಿಯ ಗುಂಡಿ ಮುಟ್ಟಿದರೂ ಸಾಕು. ಲೆಕ್ಕಕ್ಕಿಂತ ಹೆಚ್ಚಾಗಿ, ಆ ಮುಟ್ಟುವಿಕೆ ಮುಂದಿನ ಮಾತನ್ನು ತಡೆಯುತ್ತದೆ. ಕೆಲವು ದಿನಗಳ ನಂತರ ಕೈ ಮಾತಿಗಿಂತ ಮೊದಲೇ ಎದೆಗೆ ಹೋಗತೊಡಗುತ್ತದೆ. ಅಭ್ಯಾಸ ತಿರುಗುವುದು ಅಲ್ಲಿ.

ಹೋಲಿಕೆಗೂ ಮಿತಿ ಹಾಕಿಟ್ಟಿದ್ದಾರೆ: ಮೇಲಿನ ಗೆರೆಯನ್ನು ಕೆಳಗಿನದರೊಂದಿಗೆ, ಇವತ್ತನ್ನು ನಿನ್ನೆಯೊಂದಿಗೆ, ಈ ವಾರವನ್ನು ಕಳೆದ ವಾರದೊಂದಿಗೆ. ಬೇರೆ ಯಾರೊಂದಿಗೂ ಇಲ್ಲ.

ಮಾತಿನ ನಡುವೆ ಬಾಯಿ ಹಾಕುವವರ ಹಾಳೆಯೊಂದನ್ನು ಕಲ್ಪಿಸಿಕೊಳ್ಳಿ. ಸೋಮವಾರ ಮೇಲೆ 2, ಕೆಳಗೆ 6. ಮಂಗಳವಾರ 3, 7. ಬುಧವಾರ 2, 7. ಗುರುವಾರ 1, 6. ಶನಿವಾರ ಮಾತ್ರ 2, 2. ಇದನ್ನು ನೋಡಿ ‘ನಾನು ಸರಿಯಿಲ್ಲ’ ಎನ್ನುವವರು ಹಾಳೆಯನ್ನು ಓದಿಲ್ಲ. ಬೆಳಿಗ್ಗೆ ಹತೋಟಿಯಲ್ಲಿದೆ. ರಜೆಯ ಶನಿವಾರ ಸಂಜೆಯೂ ಹತೋಟಿಯಲ್ಲಿದೆ. ಕೆಲಸದ ದಿನಗಳ ಸಂಜೆಯಲ್ಲೇ ಏನೋ ಇದೆ. ಕೆದಕಿದರೆ ಮಧ್ಯಾಹ್ನ ಒಂದಕ್ಕೆ ಉಂಡವರು ರಾತ್ರಿ ಒಂಬತ್ತರವರೆಗೆ ಏನೂ ತಿಂದಿಲ್ಲ, ಒಂದು ಗಂಟೆ ಟ್ರಾಫಿಕ್ಕಿನಲ್ಲಿ ಕೂತಿದ್ದಾರೆ, ಬಾಗಿಲು ತೆರೆದ ಕೂಡಲೇ ಮನೆಯವರೆಲ್ಲ ಒಟ್ಟಿಗೆ ಮಾತಾಡುತ್ತಾರೆ. ಪರಿಹಾರ: ಐದೂವರೆಗೆ ಎರಡು ಬಾಳೆಹಣ್ಣು, ಮನೆ ಹೊಕ್ಕ ಮೇಲೆ ಮುಖ ತೊಳೆಯಲು ಐದು ನಿಮಿಷ. ಆತ್ಮದ ವಿಷಯಕ್ಕೆ ಬಾಳೆಹಣ್ಣೇ ಎಂದು ಮುಖ ಸಿಂಡರಿಸುವವರಿದ್ದಾರೆ. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸ್ ದುಃಖಕ್ಕೆ ಪರಿಹಾರ ಹೇಳುವಾಗ ನಿದ್ದೆಯನ್ನೂ ಸ್ನಾನವನ್ನೂ ಪಟ್ಟಿಯಲ್ಲಿ ಸೇರಿಸಿದ್ದರು. ನಾವು ಅವರಿಗಿಂತ ಹೆಚ್ಚು ಆಧ್ಯಾತ್ಮಿಕರಾಗುವ ಅಗತ್ಯವಿಲ್ಲ.

ಎರಡನೇ ವಾರ ಚುಕ್ಕಿ ಹೆಚ್ಚಾದರೆ ಗಾಬರಿ ಬೇಡ. ತಪ್ಪು ಹೆಚ್ಚಿರುವುದಿಲ್ಲ, ಕಣ್ಣು ಚುರುಕಾಗಿರುತ್ತದೆ. ಬಿಟ್ಟುಬಿಡುವವರು ಹೆಚ್ಚಾಗಿ ಇದೇ ವಾರ ಬಿಡುತ್ತಾರೆ. ಮೂರನೇ ವಾರದಿಂದ ದೋಷದ ಎದುರಿನ ಗುಣವನ್ನು ಪಕ್ಕದಲ್ಲಿ ಬರೆಯಿರಿ. ಬಾಯಿ ಹಾಕದಿರುವುದಷ್ಟೇ ಆದರೆ ಬಾಯಿ ಬಿಗಿದ ಮೌನಿ ತಯಾರಾಗುತ್ತಾನೆ. ‘ಅವರು ಮುಗಿಸಿದ ಮೇಲೆ ಅವರ ಮಾತಿನ ಬಗ್ಗೆಯೇ ಒಂದು ಪ್ರಶ್ನೆ ಕೇಳುವುದು’ ಎಂದು ಬರೆದು, ಹಾಗೆ ಕೇಳಿದ್ದಕ್ಕೆ ಒಂದು ಅಡ್ಡಗೆರೆ ಹಾಕಿ. ಗುಡಿಸಿ ಖಾಲಿ ಬಿಟ್ಟ ಮನೆಗೆ ಏಳು ದೆವ್ವ ಬಂದು ಸೇರಿಕೊಂಡ ಸಾಮತಿ ಲೂಕರ ಶುಭಸಂದೇಶದ 11ನೇ ಅಧ್ಯಾಯದಲ್ಲಿದೆಯಲ್ಲ, ಅದೇ ಅಪಾಯ ಇಲ್ಲೂ ಇದೆ.

ಭಾವನೆಗೆ ಚುಕ್ಕಿ ಹಾಕಬೇಡಿ. ಕೋಪ ಉಕ್ಕಿತು, ಅಸೂಯೆ ಸುಳಿಯಿತು, ಇವು ತಾವಾಗಿ ಒಳ್ಳೆಯವೂ ಅಲ್ಲ ಕೆಟ್ಟವೂ ಅಲ್ಲ ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥ 1767ನೇ ಕಂಡಿಕೆಯಲ್ಲಿ ಸ್ಪಷ್ಟವಾಗಿ ಹೇಳುತ್ತದೆ. ಉಕ್ಕಿದ್ದಕ್ಕೆ ಒಪ್ಪಿಗೆ ಕೊಟ್ಟು ನೀವು ಮಾಡಿದ್ದೇನು, ಆಡಿದ್ದೇನು ಎಂಬುದಕ್ಕೆ ಮಾತ್ರ ಚುಕ್ಕಿ.

ಸೊನ್ನೆ ಬಂದ ದಿನವೂ ಸ್ವಲ್ಪ ಹುಷಾರು. ಒಂದೋ ಗಮನ ತಪ್ಪಿರುತ್ತದೆ, ಇಲ್ಲವೆ ಶುಭಸಂದೇಶದ ಸಾಮತಿಯಲ್ಲಿ ದೇವಾಲಯದಲ್ಲಿ ನಿಂತು ತನ್ನ ಉಪವಾಸದ ಲೆಕ್ಕ ಒಪ್ಪಿಸಿದ ಫರಿಸಾಯ ಒಳಗೆ ತಲೆ ಎತ್ತಿರುತ್ತಾನೆ. ಮನುಷ್ಯ ಸ್ವಂತ ಬಲದಿಂದಲೇ ಪಾಪವಿಲ್ಲದೆ ಬದುಕಬಲ್ಲ ಎಂಬ ಪೆಲಾಜಿಯಸ್ ಎಂಬವನ ವಾದವನ್ನು 418ರಲ್ಲೇ ಕಾರ್ಥೇಜಿನಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ ತಳ್ಳಿಹಾಕಿತು. ಅದು ಹೊಸ ವೇಷದಲ್ಲಿ ಮತ್ತೆ ಬಂದಿದೆ ಎಂದು ಪೋಪ್ ಫ್ರಾನ್ಸಿಸ್ 2018ರ ತಮ್ಮ ಪ್ರೇರಿತ ಪತ್ರದಲ್ಲಿ ಎಚ್ಚರಿಸಿದರು. ಅದೇ ಪತ್ರದಲ್ಲಿ ದಿನನಿತ್ಯದ ಆತ್ಮಶೋಧನೆಯನ್ನು ಬಿಡಬೇಡಿ ಎಂದೂ ಕ್ರೈಸ್ತರೆಲ್ಲರನ್ನು ಕೇಳಿಕೊಂಡರು. ಎರಡನ್ನೂ ಒಟ್ಟಿಗೆ ಓದಬೇಕು. ಚುಕ್ಕಿ ಎಣಿಸುವುದು ನಮ್ಮ ಕೆಲಸ, ಕಡಿಮೆಯಾಗುವುದು ವರಪ್ರಸಾದ. ಮೊಬೈಲಿನ ಹ್ಯಾಬಿಟ್ ಆ್ಯಪ್‌ಗಳು ಈ ವ್ಯತ್ಯಾಸವನ್ನು ಅಳಿಸಿಬಿಡುತ್ತವೆ. ಸತತ ಮೂವತ್ತು ದಿನ ಎಂದು ಪಟಾಕಿ ಹಾರಿಸುವ ತೆರೆಗೆ ಪಶ್ಚಾತ್ತಾಪ ಅರ್ಥವಾಗುವುದಿಲ್ಲ. ಕಾಗದವೇ ವಾಸಿ.

ಚಪ್ಪಲಿಯೊಳಗಿನ ಹರಳು

ಈ ಹಾಳೆ ಕೆಲವರಿಗೆ ವಿಷ. ನಾಲ್ಕು ಸಲ ಪಾಪನಿವೇದನೆ ಮಾಡಿದ ಅದೇ ಪಾಪವನ್ನು ಐದನೇ ಸಲ ಹೇಳಲು ಹೋಗುವವರು, ಜಪಸರದ ಒಂದು ಮಣಿ ‘ಸರಿಯಾಗಿ ಆಗಲಿಲ್ಲ’ ಎಂದು ಮತ್ತೆ ಮೊದಲಿಂದ ಶುರುಮಾಡುವವರು, ಹದಿನೈದು ನಿಮಿಷದ ಆತ್ಮಶೋಧನೆ ಮುಕ್ಕಾಲು ಗಂಟೆಗೆ ಎಳೆಯುವವರು ಚುಕ್ಕಿ ಹಾಕುವುದನ್ನು ಇವತ್ತೇ ನಿಲ್ಲಿಸಬೇಕು. ಈ ಕಾಟದ ಹೆಸರು ಅತಿಸಂಶಯ. ಅದರ ಲ್ಯಾಟಿನ್ ಹೆಸರು ‘ಸ್ಕ್ರೂಪುಲಸ್’, ಮೂಲ ಅರ್ಥ ಚೂಪಾದ ಸಣ್ಣ ಕಲ್ಲು. ಹೆಜ್ಜೆ ಹೆಜ್ಜೆಗೂ ಚುಚ್ಚುವ ಹರಳು. ಮನ್ರೇಸಾದಲ್ಲಿ ಇಗ್ನೇಷಿಯಸ್ ಅವರೇ ಇದರಲ್ಲಿ ನರಳಿದರು, ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋದರು. ಇದು ಭಕ್ತಿ ಹೆಚ್ಚಾದ ಲಕ್ಷಣ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಇಂಥವರಿಗೆ ಸಾಂಪ್ರದಾಯಿಕ ಸಲಹೆ ಒಂದೇ: ಪಾಪನಿವೇದನೆಗೆ ಒಬ್ಬರೇ ಗುರುಗಳು, ಅವರು ‘ಇದನ್ನು ಮತ್ತೆ ಹೇಳಬೇಡ’ ಅಂದರೆ ಹೇಳಬಾರದು. ಜೊತೆಗೆ ಮನೋವೈದ್ಯರು, ಏಕೆಂದರೆ ಇದರ ಹಿಂದೆ ಗೀಳು ಕಾಯಿಲೆ ಇರಬಹುದು, ಅದಕ್ಕೆ ಚಿಕಿತ್ಸೆಯಿದೆ. ಯಾರನ್ನು ಕೇಳಬೇಕೆಂದು ತೋಚದಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ. ಮಾತ್ರೆ ನುಂಗುವುದಕ್ಕೂ ವಿಶ್ವಾಸಕ್ಕೂ ಜಗಳವಿಲ್ಲ.

ಬರಡು ದಿನಗಳು

ಐದನೇ ಆರನೇ ವಾರದ ಹೊತ್ತಿಗೆ ಪ್ರಾರ್ಥನೆಯ ರುಚಿ ಕೆಡುತ್ತದೆ. ಕೂತರೆ ಗೋಡೆ ನೋಡುತ್ತ ಕೂರಬೇಕು. ಇಗ್ನೇಷಿಯಸ್ ಇದಕ್ಕೆ ಮೂರು ಕಾರಣ ಕೊಡುತ್ತಾರೆ: ನಮ್ಮದೇ ಉದಾಸೀನ, ಸಿಹಿ ಸಿಗದಿದ್ದರೂ ನಿಲ್ಲುತ್ತೇವೆಯೇ ಎಂಬ ಪರೀಕ್ಷೆ, ಮತ್ತು ಸಾಂತ್ವನ ನಮ್ಮ ಗಳಿಕೆಯಲ್ಲ ಎಂದು ಕಲಿಯುವುದು. ಯಾವ ಕಾರಣವಾದರೂ ನಿಯಮ ಒಂದೇ. ಬರಡಿನಲ್ಲಿರುವಾಗ ಹಿಂದೆ ಮಾಡಿದ ನಿರ್ಧಾರ ಬದಲಿಸಬೇಡಿ. ಕೆಲಸ ಬಿಡುವ ಪತ್ರ, ಗಾಯನ ತಂಡಕ್ಕೆ ರಾಜೀನಾಮೆ, ಮುರಿದುಕೊಳ್ಳಬೇಕೆನಿಸಿದ ನೆಂಟಸ್ತಿಕೆ, ಎಲ್ಲವೂ ಕಾಯಲಿ. ಕೂರುವ ಹೊತ್ತನ್ನು ಕಡಿಮೆ ಮಾಡಬೇಕೆನಿಸಿದಾಗ ಉಲ್ಟಾ ಒಂದು ನಿಮಿಷ ಹೆಚ್ಚು ಕೂರಿ, ಹದಿನಾರು.

ಉಬ್ಬರಕ್ಕೂ ಇದೇ ಕಡಿವಾಣ. ಧ್ಯಾನಕೂಟ ಮುಗಿಸಿ ಬಸ್ಸಿನಲ್ಲಿ ವಾಪಸಾಗುವಾಗ ಜೀವಮಾನದ ಹರಕೆ ಹೊತ್ತುಕೊಳ್ಳಬೇಡಿ, ಕೈಪಿಡಿಯ 14ನೇ ಸೂಚನೆ ಅದನ್ನೇ ಹೇಳುತ್ತದೆ. ಎರಡು ವಾರ ಬಿಟ್ಟು ಮತ್ತೆ ನೋಡಿ. ಇನ್ನು ಎರಡು ವಾರಕ್ಕೂ ಮೀರಿ ನಿದ್ದೆ, ಹಸಿವು, ಕೆಲಸದ ಆಸಕ್ತಿ ಮೂರೂ ಕೆಟ್ಟಿದ್ದರೆ ಅದನ್ನು ಆತ್ಮದ ಬರಡು ಎಂದುಕೊಂಡು ಸಹಿಸಬೇಡಿ. ಖಿನ್ನತೆ ಇರಬಹುದು, ವೈದ್ಯರ ಬಳಿ ಹೋಗಿ.

ಜೊತೆಯಲ್ಲಿ ಯಾರು?

ಮೂರು ಪಾತ್ರಗಳನ್ನು ಜನ ಕಲಸುತ್ತಾರೆ. ಪಾಪನಿವೇದನೆ ಕೇಳುವ ಗುರುಗಳು ಸಂಸ್ಕಾರ ಕೊಡುತ್ತಾರೆ. ಕೇಳಿದ್ದನ್ನು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ, ಅದಕ್ಕೆ ಶುಲ್ಕವೂ ಇಲ್ಲ. ಆಧ್ಯಾತ್ಮಿಕ ಮಾರ್ಗದರ್ಶಕರು ತಿಂಗಳಿಗೊಮ್ಮೆ ಮುಕ್ಕಾಲು ಗಂಟೆ ಕೂತು ಕೇಳುತ್ತಾರೆ. ಇವರು ಗುರುಗಳೇ ಆಗಬೇಕೆಂದಿಲ್ಲ, ತರಬೇತಿ ಪಡೆದ ಸಿಸ್ಟರ್ ಅಥವಾ ಗೃಹಸ್ಥರೂ ಆಗಬಹುದು. ಲೈಫ್ ಕೋಚ್ ಕೆಲಸ, ಸಮಯ, ಅಭ್ಯಾಸಗಳ ಗುರಿಗೆ ನೆರವಾಗುವವರು, ಶುಲ್ಕ ಪಡೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ಕೋಚ್ ಎಂದು ಫಲಕ ಹಾಕಲು ಅಂಥ ಸರ್ಕಾರಿ ನೋಂದಣಿ ಯಾವುದೂ ಬೇಕಿಲ್ಲ. ಆದ್ದರಿಂದ ಎಲ್ಲಿ, ಎಷ್ಟು ಕಾಲ, ಯಾರ ಕೈಕೆಳಗೆ ಕಲಿತಿರಿ ಎಂದು ಕೇಳಿ. ಕೇಳಿದ್ದಕ್ಕೆ ಮುನಿಸಿಕೊಂಡರೆ ಎದ್ದು ಬನ್ನಿ.

ಒಳ್ಳೆಯ ಸಂಗಾತಿಯ ಮಾತು ಹೀಗಿರುತ್ತದೆ:

“ಸಿಸ್ಟರ್, ಈ ತಿಂಗಳು ಚುಕ್ಕಿ ಕಡಿಮೆನೇ ಆಗ್ಲಿಲ್ಲ.”

“ಇರ್ಲಿ ಬಿಡಮ್ಮ. ಯಾವ ಹೊತ್ತಲ್ಲಿ ಜಾಸ್ತಿ?”

“ಸಂಜೆ ಏಳರ ಮೇಲೆ.”

“ಆಗ ಮನೇಲಿ ಯಾರ್ಯಾರು ಇರ್ತಾರೆ?”

“ಅತ್ತೆ, ಮಕ್ಕಳು. ಇವರು ಬರೋದು ಒಂಬತ್ತಾಗುತ್ತೆ.”

“ಒಂಬತ್ತರ ಮೇಲೆ ಚುಕ್ಕಿ ಇದ್ಯಾ?”

“…ಇಲ್ಲ ಸಿಸ್ಟರ್.”

ಸಲಹೆ ಒಂದೂ ಇಲ್ಲ. ಹಾಳೆಯನ್ನು ಅವಳೇ ಓದುವಂತೆ ಮಾಡಿದ್ದಾರೆ. ಮಾಡಿಸುವವರು ತಕ್ಕಡಿಯ ಮುಳ್ಳಿನಂತೆ ಯಾವ ಕಡೆಗೂ ವಾಲದೆ ನಿಲ್ಲಬೇಕು, ಸೃಷ್ಟಿಕರ್ತರು ತಮ್ಮ ಸೃಷ್ಟಿಯೊಡನೆ ನೇರವಾಗಿ ವ್ಯವಹರಿಸಲಿ ಎಂಬುದು 15ನೇ ಸೂಚನೆ. ‘ಆ ಕೆಲಸ ಬಿಡು’, ‘ಅವನನ್ನೇ ಮದುವೆಯಾಗು, ದೇವರು ನನಗೆ ತೋರಿಸಿದರು’ ಎನ್ನುವವರು ಈ ಸೂಚನೆಯನ್ನು ಓದಿದವರಲ್ಲ. ಪಾಪನಿವೇದನೆಯಲ್ಲಿ ಹೇಳಿದ್ದನ್ನು ತಮಗೂ ಹೇಳಬೇಕೆಂದು ಒತ್ತಾಯಿಸುವವರು, ಮಾತ್ರೆ ನಿಲ್ಲಿಸು ಎನ್ನುವವರು, ‘ನಮ್ಮ ಮಾತು ಯಾರಿಗೂ ತಿಳಿಯಬಾರದು’ ಎನ್ನುವವರು ಕೂಡ ಬೇಡ. ಶತ್ರು, ಅಂದರೆ ಸೈತಾನ, ಕಪಟ ಪ್ರೇಮಿಯಂತೆ ಗುಟ್ಟನ್ನು ಬಯಸುತ್ತಾನೆ, ಬೆಳಕಿಗೆ ಬಂದರೆ ಅವನ ಆಟ ನಡೆಯದು ಎಂಬ ಹೋಲಿಕೆ 326ನೇ ಕಂಡಿಕೆಯಲ್ಲಿದೆ.

ಎಲ್ಲಿ ಹುಡುಕುವುದು ಎಂದರೆ, 1878ರ ಕೊನೆಯಲ್ಲಿ ಯೇಸುಸಭೆಯ ಗುರುಗಳು ಬಂದಿಳಿದ ಮಂಗಳೂರಿನಲ್ಲಿ ಫಾತಿಮಾ ರಿಟ್ರೀಟ್ ಹೌಸ್ ಇದೆ, ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಅದೇ ಸಭೆಯ ಮೌಂಟ್ ಸೇಂಟ್ ಜೋಸೆಫ್ ಕೇಂದ್ರ ಇದೆ. ದೂರದವರು ತಮ್ಮ ಧರ್ಮಕೇಂದ್ರದ ಗುರುಗಳನ್ನೋ ಹತ್ತಿರದ ಕನ್ಯಾಮಠವನ್ನೋ ವಿಚಾರಿಸಲಿ. ಮೊದಲ ಭೇಟಿಗೆ ಇಡೀ ನೋಟ್‌ಬುಕ್ ಹೊತ್ತೊಯ್ಯಬೇಡಿ. ಒಂದು ತಿಂಗಳ ನಾಲ್ಕು ಹಾಳೆ, ಆ ತಿಂಗಳ ಅತಿ ದೊಡ್ಡ ಕೃತಜ್ಞತೆ ಒಂದು, ಬಾಯಿ ಒಣಗಿಸಿದ ಸಂಗತಿ ಒಂದು, ಇಷ್ಟು ಸಾಕು.

ಒಂದು ದೋಷಕ್ಕೆ ನಾಲ್ಕರಿಂದ ಆರು ವಾರ ಕೊಡಿ. ಎರಡು ವಾರ ಚುಕ್ಕಿ ಕೆಳಮಟ್ಟದಲ್ಲೇ ನಿಂತರೆ ಹಾಳೆ ಮುಚ್ಚಿ. ಆರು ವಾರವಾದರೂ ಕದಲದಿದ್ದರೂ ಮುಚ್ಚಿ. ಆರಿಸಿದ ದೋಷ ಇನ್ನೊಂದರ ನೆರಳಾಗಿರಬಹುದು, ಸಂಗಾತಿಯ ಜೊತೆ ಕೂತು ಹೊಸದನ್ನು ಆರಿಸಿ. ಎರಡು ದೋಷಗಳ ನಡುವೆ ಒಂದು ವಾರ ಖಾಲಿ ಇರಲಿ. ಆ ವಾರ ಸಂಜೆ ಕೃತಜ್ಞತೆಯ ಮೂರು ನಿಮಿಷ ಮಾತ್ರ. ಹಳೆಯ ಹಾಳೆಗಳನ್ನು ಮನೆಯಲ್ಲಿ ಬೇರೆಯವರ ಕೈಗೆ ಸಿಗುವಂತೆ ಇಡಬೇಡಿ, ಹರಿದು ಒಲೆಗೆ ಹಾಕಿಬಿಡಿ.